ಹೊಸಿಲಿಲ್ಲದ ಮನೆ

ಅಮ್ಮನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವುದಿಲ್ಲ ಎಂದು ನಾನು ತೀರ್ಮಾನ ಮಾಡಿದ್ದು ಒಂದು ಜುಲೈ ತಿಂಗಳ ಮಧ್ಯಾಹ್ನ. ಅದಕ್ಕೆ ಮುಂಚೆ ಒಂದೇ ಒಂದು ದಿನ ಹಾಕಿದ್ದೆ.

ದಿಲ್ಲಿಯ ಪೀತಮ್‌ಪುರದಲ್ಲಿ ನಮ್ಮದು ನೆಲಮಹಡಿಯ ಫ್ಲ್ಯಾಟು. ಬೆಳಗ್ಗೆ ಏಳೂವರೆಗೆ ಮಗಳು ಶಾಲೆಗೆ, ಎಂಟೂವರೆಗೆ ಯಜಮಾನರು ತಮ್ಮ ಸರ್ಕಾರಿ ಕಚೇರಿಗೆ, ಒಂಬತ್ತಕ್ಕೆ ನಾನು ಪಾಠ ಮಾಡುತ್ತಿದ್ದ ಕಾಲೇಜಿಗೆ ಹೊರಡುತ್ತಿದ್ದೆವು. ಕೆಲಸದವಳು ಹತ್ತೂವರೆಯವರೆಗೆ ಇರುತ್ತಿದ್ದಳು. ನಾನು ಹಿಂದಿರುಗುವುದು ಹನ್ನೆರಡೂವರೆಗೆ. ನಡುವಿನ ಎರಡು ಗಂಟೆ ಅಮ್ಮ ಒಬ್ಬಳೇ. ಅವಳಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿ ಒಂದೂವರೆ ವರ್ಷವಾಗಿತ್ತು. ತುಮಕೂರಿನಲ್ಲಿ ತಮ್ಮನ ಮನೆಯಲ್ಲಿ ಸ್ವಲ್ಪ ಕಾಲ ಇದ್ದು, ಅಲ್ಲಿ ಆಗದೆ ನನ್ನ ಹತ್ತಿರ ಬಂದಿದ್ದಳು. ತಮ್ಮ ವಾರಕ್ಕೊಮ್ಮೆ ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದ.

"ಹೊರಗಿಂದ ಬೀಗ ಹಾಕ್ಕೊಂಡು ಹೋಗಕ್ಕ. ನಮ್ಮೂರಾದ್ರೆ ಯಾರಾದ್ರೂ ಕರ್ಕೊಂಡು ಬಂದು ಬಿಡ್ತಾರೆ. ದಿಲ್ಲೀಲಿ ಎಲ್ಲಿ ಅಂತ ಹುಡುಕ್ತೀಯ?"

ಹಾಗಾಗಿ ಕೆಲಸದವಳು ಬಾರದ ಆ ದಿನ ಹಾಕಿದೆ. ಹನ್ನೆರಡೂವರೆಗೆ ನಮ್ಮ ಗಲ್ಲಿಗೆ ತಿರುಗುತ್ತಿದ್ದಂತೆ ದಬದಬ ಸದ್ದು ಕೇಳಿಸಿತು. ಮೇಲಿನ ಮನೆಯ ಪಂಜಾಬಿ ಹೆಂಗಸು ಮೆಟ್ಟಿಲ ಮೇಲೆ ನಿಂತಿದ್ದರು, ನನ್ನನ್ನು ನೋಡಿ ಒಳಗೆ ಹೋದರು. ಬಾಗಿಲು ತೆಗೆದಾಗ ಅಮ್ಮನ ಬಲಗೈಯ ಅಂಗೈ ಊದಿಕೊಂಡಿತ್ತು. "ಕೂಡಿ ಹಾಕೋಕೆ ನಾನೇನು ಕದ್ದಿದ್ದೆ?" ಎಂದು ಕೇಳಿದಳು.

ಹೀಗೆ ಕೇಳಿದಳೆಂದು ನನ್ನ ನೆನಪು. ಆದರೆ ದಿನಚರಿಯ ಆ ದಿನದ ಪುಟದಲ್ಲಿ "ಅಮ್ಮನ ಕೈ ಊದಿದೆ. ಅರಿಶಿನ ಹಚ್ಚಿದೆ. ಇನ್ನು ಬೀಗವಿಲ್ಲ" ಎಂದಷ್ಟೇ ಇದೆ. ಅಂಥ ಮಾತನ್ನು ಕೇಳಿದ ಯಾರಾದರೂ ಬರೆದಿಡದೆ ಇರುತ್ತಾರೆಯೇ? ಅವಳು ಬೇರೆ ಯಾವಾಗಲೋ, ಬೇರೆ ಯಾವುದಕ್ಕೋ ಹೇಳಿದ್ದನ್ನು ನಾನು ಆ ಮಧ್ಯಾಹ್ನಕ್ಕೆ ತಂದು ಅಂಟಿಸಿಕೊಂಡಿರಬಹುದು. ಮರೆವು ಅಮ್ಮನ ಕಾಯಿಲೆಯಾಗಿದ್ದರೂ ಈ ಬರಹದಲ್ಲಿ ನಂಬಲು ಕಷ್ಟವಾಗಿರುವುದು ನನ್ನ ನೆನಪನ್ನೇ. ದಿನಚರಿಯಲ್ಲಿ ಇರುವುದನ್ನು ಇದೆ ಎಂದೂ, ಇಲ್ಲದ್ದನ್ನು ಇಲ್ಲ ಎಂದೂ ಹೇಳುತ್ತಾ ಹೋಗುತ್ತೇನೆ.

ಬೀಗವಿಲ್ಲ ಎಂದು ಬರೆದದ್ದೇನೋ ಸರಿ. ಆ ಎರಡು ಗಂಟೆಗಳಲ್ಲಿ ಅಮ್ಮ ಮಾಡಿಕೊಳ್ಳುತ್ತಿದ್ದದ್ದು ಒಂದೆರಡಲ್ಲ. ಬಚ್ಚಲುಮನೆ ಸಿಗದೆ ಹಿಂದಿನ ಬಾಲ್ಕನಿಯಲ್ಲಿ ಕೂರುತ್ತಿದ್ದಳು. ನೀರಿನ ಲೋಟ ಕಪಾಟಿನ ಬಾಗಿಲ ಹಿಂದೆ ಇದ್ದರೆ ಅವಳಿಗೆ ಇಲ್ಲದ ಹಾಗೆ. ಬಾಯಾರಿ ಕುಳಿತಿರುತ್ತಿದ್ದಳು. ಆಗಸ್ಟಿನಲ್ಲಿ ಅಡುಗೆಮನೆಯ ಬಾಗಿಲಿನ ಕಲ್ಲುಪಟ್ಟಿಗೆ ಎಡವಿ ಬಿದ್ದು ಮಂಡಿ ಕಪ್ಪಾಯಿತು. ಡಾಕ್ಟರು ಮಾತ್ರೆ ಬದಲಾಯಿಸಿದರು. ಇಡೀ ದಿನಕ್ಕೆ ಒಬ್ಬ ಆಯಾ ಬೇಕೆಂದು ಹುಡುಕಿದೆವು. ಬಂದ ಇಬ್ಬರಿಗೂ ಅಮ್ಮನ ಕನ್ನಡ ಅರ್ಥವಾಗದು, ಅಮ್ಮನಿಗೆ ಅವರ ಹಿಂದಿ. ಒಬ್ಬಳು ಆರು ದಿನ ಇದ್ದಳು, ಇನ್ನೊಬ್ಬಳು ಮೂರು.

ಹೀಗಿರುವಾಗ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನ ಒಂದು ಸಣ್ಣ ಊರಿಗೆ ಹನ್ನೆರಡು ದಿನಗಳ ವಿಚಾರ ಸಂಕಿರಣಕ್ಕೆ ನನ್ನನ್ನು ಕರೆದರು. ಹೋಗುವುದಿಲ್ಲ ಎಂದೆ. ಯಜಮಾನರು ರಜೆ ಹಾಕಿದರು. "ಹೋಗಿ ಬಾ. ನೀನೂ ಗೋಡೆ ನೋಡ್ಕೊಂಡು ಕೂತ್ಕೊಳೋಕೆ ಶುರು ಮಾಡಿದ್ರೆ ಇಬ್ರನ್ನ ನೋಡ್ಕೊಳೋಕೆ ನನ್ನ ಕೈಲಿ ಆಗಲ್ಲ" ಎಂದರು.

ಅಲ್ಲಿ ನಾನು ಓದಿದ ಪ್ರಬಂಧದ ಒಂದು ಸಾಲೂ ಈಗ ನೆನಪಿಲ್ಲ. ನೆನಪಿರುವುದು ನಾನು ಉಳಿದುಕೊಂಡ ಮನೆ. ನಮ್ಮನ್ನು ಹೋಟೆಲಿನಲ್ಲಿ ಇಡದೆ ಊರಿನ ಮನೆಗಳಲ್ಲಿ ಒಬ್ಬೊಬ್ಬರನ್ನು ಇಳಿಸಿದ್ದರು. ನನ್ನ ಪಾಲಿಗೆ ಬಂದದ್ದು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ಮನೆ. ಆಕೆಗೆ ಎಪ್ಪತ್ತರ ಹತ್ತಿರ. ಬಾಗಿಲಲ್ಲೇ, ನನ್ನ ಪೆಟ್ಟಿಗೆ ಕೆಳಗಿಡುವ ಮುಂಚೆಯೇ, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು: ನನ್ನ ಗಂಡ ನಿಮ್ಮನ್ನು ಯಾರೆಂದು ದಿನವೂ ಕೇಳಬಹುದು, ಬೇಜಾರು ಮಾಡಿಕೊಳ್ಳಬೇಡಿ, ನನ್ನನ್ನೂ ಕೇಳುತ್ತಾನೆ.

ನಾನು ಆ ಮನೆಯನ್ನು ನೋಡಿದ್ದು ಹಸಿದವರು ಅಡುಗೆಮನೆಯನ್ನು ನೋಡುವ ಹಾಗೆ. ಗೋಡೆಗಳೆಲ್ಲ ಬಿಳಿ, ಬಾಗಿಲುಗಳೆಲ್ಲ ಬಿಳಿ, ಬಚ್ಚಲುಮನೆಯ ಬಾಗಿಲು ಮಾತ್ರ ಗಾಢ ಹಳದಿ. ಅಡುಗೆಮನೆಯ ಕಪಾಟುಗಳಿಗೆ ಬಾಗಿಲೇ ಇರಲಿಲ್ಲ. ಲೋಟ, ತಟ್ಟೆ, ಬ್ರೆಡ್ಡಿನ ಡಬ್ಬಿ ಎಲ್ಲ ಕಣ್ಣೆದುರು. ಊಟದ ಮೇಜಿನ ಮೇಲೆ ದೀಪವನ್ನು ತೀರ ಕೆಳಕ್ಕೆ, ಕೂತವರ ಹಣೆಯ ಮಟ್ಟಕ್ಕೆ ಇಳಿಬಿಟ್ಟಿದ್ದರು. ಬೆಳಕು ತಟ್ಟೆಯ ಮೇಲೆ ಬೀಳಬೇಕು, ಮೂಲೆಗಳಲ್ಲಿ ನೆರಳು ಆಡಬಾರದು. ನೆಲದಲ್ಲಿ ಒಂದೂ ಕಪ್ಪು ಜಮಖಾನೆಯಿಲ್ಲ, ಕಪ್ಪು ಕಂಡರೆ ಆತ ಹಳ್ಳವೆಂದು ಹೆದರಿ ನಿಂತುಬಿಡುತ್ತಿದ್ದರಂತೆ. ಬಾಗಿಲು ಬಾಗಿಲಿಗೂ ಮೊದಲು ಒಂದು ಮರದ ಅಡ್ಡಪಟ್ಟಿ ಇತ್ತಂತೆ. ಊರಿನ ಪುರಸಭೆಯವರೇ ಬಂದು ಎಲ್ಲವನ್ನೂ ಕಿತ್ತು ನೆಲವನ್ನು ಸಮ ಮಾಡಿ ಹೋಗಿದ್ದರು. ಪಟ್ಟಿ ಇದ್ದ ಜಾಗದಲ್ಲಿ ಹಲಗೆಯ ಬಣ್ಣ ಸ್ವಲ್ಪ ತಿಳಿಯಾಗಿತ್ತು, ಅಷ್ಟೇ.

ಎರಡನೆಯ ದಿನವೋ ಮೂರನೆಯ ದಿನವೋ, ನಾವು ಮೂವರೂ ಊಟಕ್ಕೆ ಕೂತಿದ್ದಾಗ ಆತ ಎದ್ದರು. ಒಬ್ಬರೇ ನಡೆದು ಹಳದಿ ಬಾಗಿಲನ್ನು ತೆರೆದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕೈ ಒರೆಸಿಕೊಳ್ಳುತ್ತಾ ಬಂದು ತಮ್ಮ ಕುರ್ಚಿಯಲ್ಲೇ ಕೂತರು. ಆಕೆ ತಲೆಯೆತ್ತಿಯೂ ನೋಡಲಿಲ್ಲ, ಆಲೂಗಡ್ಡೆ ಬಡಿಸುತ್ತಿದ್ದರು. ನಾನು ನೆಪ ಹೇಳಿ ಮೇಲಿನ ಕೋಣೆಗೆ ಹೋಗಿ ಅತ್ತೆ.

ಆಮೇಲಿನ ದಿನಗಳೆಲ್ಲ ದಿನಚರಿಯಲ್ಲಿ ಚಿತ್ರಗಳೇ. ಬಾಗಿಲುಗಳನ್ನು ಗೇಣಿನಿಂದ ಅಳೆದೆ, ದೀಪದ ಎತ್ತರವನ್ನು ನನ್ನ ದುಪಟ್ಟಾದಿಂದ ಅಳೆದು ಅಲ್ಲಿ ಗಂಟು ಹಾಕಿಟ್ಟೆ. ಬಿಡುವಿನ ಮಧ್ಯಾಹ್ನ ಉಳಿದವರೆಲ್ಲ ಹಳೆಯ ಕೋಟೆ ನೋಡಲು ಹೋದರೆ ನಾನು ಬಣ್ಣದ ಅಂಗಡಿಗೆ ಹೋಗಿ ಹಳದಿಯ ಮಾದರಿ ಚೀಟಿಯನ್ನು ಕೇಳಿ ತಂದೆ. ಹಿಂದಿರುಗುವಾಗ ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಒಂದು ಇಳಿದೀಪವಿತ್ತು.

"ಜನ ಫಾರಿನ್ನಿಂದ ಚಾಕಲೇಟ್ ತರ್ತಾರೆ" ಎಂದರು ಯಜಮಾನರು. "ಇವಳು ಬಚ್ಚಲುಮನೆ ಬಾಗಿಲಿಗೆ ಬಣ್ಣದ ಚೀಟಿ ತಂದಿದಾಳೆ."

ದೀಪಾವಳಿಗೆ ಮುಂಚೆ ದಿಲ್ಲಿಯಲ್ಲಿ ಬಣ್ಣದವರು ಸಿಗುವುದು ಕಷ್ಟ. ಊರಿಗೆ ಊರೇ ಗೋಡೆಗೆ ಬಣ್ಣ ಹೊಡೆಸುತ್ತಿರುತ್ತದೆ. ಬೇಡಿಕೊಂಡು ಒಬ್ಬ ಮಿಸ್ತ್ರಿಯನ್ನು ಹಿಡಿದೆ, ಬಣ್ಣವನ್ನೂ ಮರಗೆಲಸವನ್ನೂ ಅವನೇ ಮಾಡುತ್ತಿದ್ದ. ಗೋರಖ್‌ಪುರದ ಕಡೆಯವನು, ವಯಸ್ಸಾದವನು. ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಮೇಡಂಜೀ, ಬಾಥ್‌ರೂಮ್ ಕೋ ಶಾದಿ ಕಾ ರಂಗ್?"

"ಹಾಂ ಭಯ್ಯಾ, ಮದುವೆಯದೇ" ಎಂದೆ. ನಗು ಬಂತು. ತಿಂಗಳುಗಳ ಮೇಲೆ ಬಂದ ನಗು ಎಂದು ದಿನಚರಿಯಲ್ಲಿದೆ.

ಹಳದಿ ಫಲಿಸಿತು. ಇದನ್ನು ನಾನು ಹೇಳಲೇಬೇಕು, ಏಕೆಂದರೆ ಆಮೇಲಿನದೆಲ್ಲ ನಡೆದದ್ದು ಅದು ಫಲಿಸಿದ್ದರಿಂದ. ಬಣ್ಣ ಒಣಗಿದ ನಾಲ್ಕನೆಯ ದಿನ ಅಮ್ಮ ತನ್ನ ಕುರ್ಚಿಯಿಂದ ಎದ್ದು, ಅತ್ತಿತ್ತ ನೋಡಿ, ನೇರವಾಗಿ ಹಳದಿ ಬಾಗಿಲಿಗೆ ಹೋದಳು. ಹದಿಮೂರು ವರ್ಷದ ಮಗಳು ಹಾಲ್‌ನಲ್ಲಿ ಕುಣಿದಳು.

"ಅಮ್ಮಾ, ಅಜ್ಜಿ ಖುದ್ ಗಯೀ! ಅಕೇಲೇ! ಯಾರೂ ಹೇಳ್ಲೇ ಇಲ್ಲ!"

ಅವಳ ಚಪ್ಪಾಳೆಗೆ ಒಳಗಿನಿಂದ ಅಮ್ಮನ ಉತ್ತರ ಬಂತು. "ಇದ್ಯಾವ ಹುಡುಗಿನಮ್ಮ, ಬಚ್ಚಲಿಗೆ ಬಂದ್ರೆ ಚಪ್ಪಾಳೆ ಹೊಡೀತಾಳೆ!"

ಕಪಾಟಿನ ಬಾಗಿಲುಗಳನ್ನೂ ತೆಗೆಸಿದೆ. ಅಮ್ಮ ತಾನೇ ಲೋಟ ತೆಗೆದುಕೊಂಡು ನೀರು ಕುಡಿದು, "ಈಗ ಬುದ್ಧಿ ಬಂತು ನಿಂಗೆ. ಪಾತ್ರೆಗಳನ್ನ ಯಾಕೆ ಬಚ್ಚಿಟ್ಟಿದ್ದೆ? ನೆಂಟರು ಕದೀತಾರೆ ಅಂತಲಾ?" ಎಂದಳು. ಆ ವಾರ ನಾನು ಯಾವುದನ್ನು ಮುಟ್ಟಿದರೂ ಅದು ಕೈಗೂಡುತ್ತದೆ ಎಂಬ ಭಾವನೆ ಬಂದಿತ್ತು. ಉಳಿದಿದ್ದದ್ದು ನೆಲ ಮತ್ತು ದೀಪ.

ಅಡುಗೆಮನೆಯ ಕಲ್ಲುಪಟ್ಟಿ, ಅಮ್ಮನ ಕೋಣೆಯದು, ಬಾಲ್ಕನಿಯದು, ಮಿಸ್ತ್ರಿ ಒಂದೊಂದಾಗಿ ಒಡೆದು ತೆಗೆದು ಸಮ ಮಾಡಿದ. ಕೊನೆಗೆ ಮುಂಬಾಗಿಲಿನ ಹೊಸಿಲು ಉಳಿಯಿತು. ಅದರ ಕಥೆಯನ್ನು ಹೇಳಬೇಕು. ಈ ಫ್ಲ್ಯಾಟಿನಲ್ಲಿ ಮುಂಬಾಗಿಲಿಗೆ ಮೂರೇ ಕಡೆ ಚೌಕಟ್ಟು, ಕೆಳಗೆ ಏನೂ ಇರಲಿಲ್ಲ. ಗೃಹಪ್ರವೇಶಕ್ಕೆ ಬಂದಿದ್ದ ಅಮ್ಮ, ಆಗ ಗಟ್ಟಿಮುಟ್ಟಾಗಿದ್ದವಳು, ಅದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಹೊಸಿಲಿಲ್ಲದ ಮನೆಗೆ ಲಕ್ಷ್ಮಿ ಎಲ್ಲಿ ನಿಂತು ಒಳಗೆ ಬರ್ತಾಳೆ? ಇದು ಮನೆಯೋ ಬಸ್‌ಸ್ಟ್ಯಾಂಡೋ?" ಎಂದು ಅದೇ ದಿನ ಬಡಗಿಯನ್ನು ಕರೆಸಿ ನಾಲ್ಕು ಬೆರಳು ಎತ್ತರದ ಮರದ ಹೊಸಿಲು ಕೂರಿಸಿದ್ದಳು. ಈಗ ನನ್ನ ಹೆಸರು ತಪ್ಪಿದರೂ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚುವುದು ತಪ್ಪಿರಲಿಲ್ಲ. ಬೆಳಗ್ಗೆ ಅದರ ಮುಂದೆ ಎರಡು ಎಳೆ ರಂಗೋಲಿ ಎಳೆಯುತ್ತಿದ್ದಳು.

ಮಿಸ್ತ್ರಿ ಉಳಿಯನ್ನು ಹೊಸಿಲಿನ ಮೇಲಿಟ್ಟು ನನ್ನ ಮುಖ ನೋಡಿದ.

"ಯೇ ಭೀ? ಮೇಡಂಜೀ, ಯೇ ತೋ ಪೂಜಾ ಕೀ ಚೀಜ್ ಹೈ."

"ಅವರು ಎಡವಿ ಬೀಳ್ತಾರೆ ಭಯ್ಯಾ" ಎಂದು ಹಿಂದಿಯಲ್ಲಿ ಹೇಳಿದೆ. ಅಮ್ಮ ಹೊಸಿಲಿಗೆ ಎಂದೂ ಎಡವಿರಲಿಲ್ಲ. ಎಡವಿದ್ದು ಅಡುಗೆಮನೆಯ ಕಲ್ಲಿಗೆ. ಅದು ನನಗೆ ಗೊತ್ತಿತ್ತು. ಆದರೂ ಹಾಗೆ ಹೇಳಿದೆ. ನನ್ನ ತಲೆಯೊಳಗೆ ಇದ್ದದ್ದು ಡೆನ್ಮಾರ್ಕಿನ ಆ ನೆಲ, ಎಲ್ಲೂ ತಡೆಯದೆ ಕೋಣೆಯಿಂದ ಕೋಣೆಗೆ ಹರಿದುಕೊಂಡು ಹೋಗುವ ಒಂದೇ ಮಟ್ಟದ ನೆಲ. ಮುಂಬಾಗಿಲಲ್ಲಿ ಒಂದು ಮರದ ತುಂಡು ಅದನ್ನು ಕೆಡಿಸುತ್ತಿತ್ತು.

"ಅದೊಂದು ಇರಲಿ ಬಿಡೇ" ಎಂದು ತಾವು ಹೇಳಿದ್ದಾಗಿ ಯಜಮಾನರು ಇವತ್ತಿಗೂ ಹೇಳುತ್ತಾರೆ. ನನಗೆ ಅಂಥ ಮಾತು ಕೇಳಿಸಿದ ನೆನಪಿಲ್ಲ. ದಿನಚರಿಯಲ್ಲೂ ಇಲ್ಲ. ಹೇಳಿರಬಹುದು. ಬೇಡದ ಮಾತನ್ನು ಬರೆದಿಟ್ಟುಕೊಳ್ಳುವಷ್ಟು ಪ್ರಾಮಾಣಿಕತೆ ಆಗ ನನ್ನಲ್ಲಿ ಇರಲಿಕ್ಕಿಲ್ಲ.

ಮಿಸ್ತ್ರಿ ಕೀಳುವಾಗ ಅಮ್ಮ ಪಕ್ಕದಲ್ಲೇ ಕುರ್ಚಿಯಲ್ಲಿದ್ದಳು. ತಡೆಯಲಿಲ್ಲ. ತಾನು ಕೂರಿಸಿದ್ದನ್ನು ಕೀಳುತ್ತಿದ್ದಾರೆ ಎಂದು ತಿಳಿದ ಹಾಗೆ ಕಾಣಲಿಲ್ಲ. "ಊಟ ಆಯ್ತೇನಪ್ಪ?" ಎಂದು ಅವನನ್ನು ಕನ್ನಡದಲ್ಲಿ ವಿಚಾರಿಸಿದಳು. ಅವನು "ಹಾಂ ಅಮ್ಮಾಜೀ" ಎಂದ. ಆ ರಾತ್ರಿಯ ಪುಟದಲ್ಲಿ ನಾನು "ಒಂದೇ ನೆಲ!" ಎಂದು ಬರೆದು ಅಡಿಗೆರೆ ಹಾಕಿದ್ದೇನೆ. ಪೆನ್ನು ಒತ್ತಿದ್ದರಿಂದ ಕಾಗದ ಸ್ವಲ್ಪ ಹರಿದಿದೆ.

ಎರಡು ದಿನಗಳ ನಂತರ ನನಗೆ ಕಾಲೇಜು ಇರಲಿಲ್ಲ. ಬಣ್ಣದ ವಾಸನೆ ಹೋಗಲೆಂದು ಮುಂಬಾಗಿಲನ್ನೂ ಅದರ ಹೊರಗಿನ ಕಬ್ಬಿಣದ ಜಾಲಿ ಬಾಗಿಲನ್ನೂ ತೆರೆದಿಟ್ಟಿದ್ದೆ. ಬಾಗಿಲು ಹಾಗೆ ತೆರೆದಿರುವುದು ಹೊಸತಲ್ಲ. ಎಷ್ಟೋ ಸಲ ಇಡೀ ಬೆಳಗ್ಗೆ ತೆರೆದೇ ಇರುತ್ತಿತ್ತು. ಅಮ್ಮ ಬಾಗಿಲವರೆಗೆ ಹೋಗಿ, ಚೌಕಟ್ಟು ಹಿಡಿದು ನಿಂತು, "ಹೋಗಿ ಬರ್ತೀನಿ" ಎಂದು ಒಳಗಿನವರಿಗೆ ಕೂಗುತ್ತಿದ್ದಳು. ನಮ್ಮಲ್ಲಿ ಯಾರಾದರೂ "ಬೇಡಮ್ಮ, ಬಿಸಿಲು, ಬಾ" ಎನ್ನುತ್ತಿದ್ದೆವು. ಹಿಂದಿರುಗುತ್ತಿದ್ದಳು. ದಿನಕ್ಕೆ ಹತ್ತು ಸಲವಾದರೂ ಇದು ನಡೆಯುತ್ತಿತ್ತು. ನನಗದು ಕಿರಿಕಿರಿಯಾಗಿತ್ತು.

ನಾನು ಊಟದ ಮೇಜಿನ ಮೇಲೆ ಇಳಿದೀಪ ಕಟ್ಟುವುದರ ಬದಲು ಅದನ್ನು ಅಮ್ಮನ ಕೋಣೆಯಲ್ಲಿ, ಅವಳ ಮಂಚದ ಪಕ್ಕಕ್ಕೆ ಕಟ್ಟೋಣವೆಂದು ಸ್ಟೂಲು ಹತ್ತಿದ್ದೆ. ದುಪಟ್ಟಾದ ಗಂಟು ಹಿಡಿದು ಎತ್ತರ ನೋಡುತ್ತಿದ್ದೆ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ಹತ್ತು ನಿಮಿಷ ಎಂದು ಎಲ್ಲರಿಗೂ ಹೇಳಿದೆ, ಪೊಲೀಸರಿಗೂ. ಅದು ಅರ್ಧ ಗಂಟೆಯೂ ಆಗಿರಬಹುದು. ಆ ದೀಪದ ಎತ್ತರ ನನಗೆ ಸರಿಹೋಗುತ್ತಲೇ ಇರಲಿಲ್ಲ.

ಇಳಿದು ಬಂದಾಗ ಹಾಲ್‌ನ ಕುರ್ಚಿ ಖಾಲಿ. ಹಳದಿ ಬಾಗಿಲು ತಳ್ಳಿ ನೋಡಿದೆ. ಅಡುಗೆಮನೆ, ಬಾಲ್ಕನಿ, ಮಂಚದ ಕೆಳಗೂ ನೋಡಿದೆ. "ಹೋಗಿ ಬರ್ತೀನಿ" ಎಂಬ ಕೂಗು ಕೇಳಿಸಿರಲಿಲ್ಲ. ಅಥವಾ ಕೇಳಿಸಿ, ರೂಢಿಯಂತೆ "ಬೇಡಮ್ಮ" ಎಂದೆನೇ? ಗೊತ್ತಿಲ್ಲ. ಹೊರಗೆ ನಮ್ಮ ಸಣ್ಣ ಗೇಟು ಪೂರ್ತಿ ತೆರೆದಿತ್ತು. ಅಮ್ಮನ ಚಪ್ಪಲಿ ಅಲ್ಲೇ ಇದ್ದವು.

ಮೊದಲು ಪಾರ್ಕಿಗೆ ಓಡಿದೆ, ಆಮೇಲೆ ಮಾರುಕಟ್ಟೆಗೆ, ಆಮೇಲೆ ದೇವಸ್ಥಾನಕ್ಕೆ. ಮೇಲಿನ ಮನೆಯ ಹೆಂಗಸು ತಮ್ಮ ಮೊಬೈಲಿನಿಂದ ಯಜಮಾನರಿಗೆ ಫೋನ್ ಮಾಡಿದರು. ದೀಪಾವಳಿಯ ಸಂತೆ, ಫುಟ್‌ಪಾತಿನ ತುಂಬ ಹಣತೆ, ಪ್ಲಾಸ್ಟಿಕ್ ತೋರಣ, ಜನ. ಬಿಳಿ ಕೂದಲಿನ ಪ್ರತಿ ತಲೆಯ ಹಿಂದೆಯೂ ಓಡಿದೆ. ಪೊಲೀಸ್ ಚೌಕಿಯಲ್ಲಿ ಕಾನ್‌ಸ್ಟೇಬಲ್ ಕಾಗದ ತೆಗೆದುಕೊಂಡ. ವಯಸ್ಸು, ಎತ್ತರ, ಮೈಬಣ್ಣ. ಆಮೇಲೆ ಕೇಳಿದ.

"ಸಾಡೀ ಕಾ ರಂಗ್?"

ಹಸಿರು ಎಂದೆ. ಅವನು ಬರೆದುಕೊಂಡ. ಹೊರಗೆ ಬಂದ ಮೇಲೆ ಅನುಮಾನ ಬಂತು. ಆ ದಿನ ಬೆಳಗ್ಗೆ ಅವಳಿಗೆ ಸೀರೆ ಉಡಿಸಿದ್ದು ನಾನೇ. ನೆರಿಗೆ ಹಿಡಿದದ್ದು ನಾನೇ. ಬಚ್ಚಲ ಬಾಗಿಲಿನ ಹಳದಿಗೆ ಆ ವಿದೇಶಿ ಚೀಟಿಯಲ್ಲಿದ್ದ ನಂಬರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅಮ್ಮ ಉಟ್ಟ ಸೀರೆಯ ಬಣ್ಣ ನನಗೆ ಗೊತ್ತಿರಲಿಲ್ಲ.

ಒಂದೂವರೆಗೆ ಯಜಮಾನರು ಬಂದು ಮೆಟ್ರೋ ನಿಲ್ದಾಣಕ್ಕೂ ಆಸ್ಪತ್ರೆಗಳಿಗೂ ಹೋದರು. ಎರಡಕ್ಕೆ ಮಗಳು ಶಾಲೆಯ ಬಸ್ಸಿನಿಂದ ಇಳಿದಳು. ನಾನು ಗಲ್ಲಿಯ ಬಾಯಲ್ಲಿ ಕೆದರಿದ ತಲೆಯಲ್ಲಿ ನಿಂತಿದ್ದನ್ನು ನೋಡಿಯೇ ಅವಳಿಗೆ ತಿಳಿಯಿತು.

"ಸೀರೆ ಯಾವುದೇ?" ಎಂದು ಅವಳನ್ನೂ ಕೇಳಿದೆ.

"ಬ್ರೌನ್, ಐ ಥಿಂಕ್. ಅಮ್ಮಾ, ಅದು ಬಿಡು. ಚಲೋ, ಭಯ್ಯಾ ಲೋಗೋಂ ಸೇ ಪೂಛ್ತೇ ಹೈಂ."

ಅವಳು ಸ್ಕೂಲ್‌ಬ್ಯಾಗ್ ಹಾಕಿಕೊಂಡೇ ತಳ್ಳುಗಾಡಿಯವರನ್ನೆಲ್ಲ ಕೇಳುತ್ತಾ ನಡೆದಳು. ನಾನು ಅವಳ ಹಿಂದೆ. ಎರಡು ಗಂಟೆಯಿಂದ ನಾಲ್ಕರವರೆಗೆ ಹೀಗೆ. ಕೇಳಿದ್ದೆಲ್ಲ ಅವಳೇ. ಒಬ್ಬ ಮೂಲಂಗಿ ಮಾರುವವನು ತಲೆಯೆತ್ತಿ, ಬರಿಗಾಲಲ್ಲಿದ್ದರೇ ಎಂದು ಕೇಳಿದ.

"ನಂಗೇ ಪೈರ್ ಥೀ ಕ್ಯಾ? ಮದ್ರಾಸಿ ಅಮ್ಮಾ? ಗಾಂವ್ ಕೀ ತರಫ್ ಗಯೀ."

ಗಾಂವ್ ಎಂದರೆ ನಮ್ಮ ಕಾಲೊನಿಗಳು ಏಳುವ ಮುಂಚಿನಿಂದ ಅಲ್ಲಿರುವ ಹಳ್ಳಿ. ಸುತ್ತ ಫ್ಲ್ಯಾಟುಗಳು ಬಂದರೂ ಒಳಗೆ ಕಿರುಗಲ್ಲಿಗಳು, ಎಮ್ಮೆಗಳು, ದೊಡ್ಡ ಮರದ ಬಾಗಿಲಿನ ಹಳೆಯ ಮನೆಗಳು ಉಳಿದಿದ್ದವು. ಆರು ವರ್ಷದಿಂದ ಪಕ್ಕದಲ್ಲೇ ಇದ್ದರೂ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಮೂರನೆಯ ಗಲ್ಲಿಯಲ್ಲಿ ಅಮ್ಮ ಸಿಕ್ಕಳು. ಒಂದು ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕೂತಿದ್ದಳು. ಉಟ್ಟದ್ದು ನೀಲಿ ಸೀರೆ. ಬಲಗಾಲಿನ ಹೆಬ್ಬೆರಳಿಗೆ ಯಾರೋ ಬಟ್ಟೆ ಸುತ್ತಿದ್ದರು. ಮನೆಯೊಡತಿ ನನಗಿಂತ ಹಿರಿಯಳು, ಪಕ್ಕದಲ್ಲಿ ನಿಂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ನಾನು ಅಮ್ಮನ ಕಾಲ ಹತ್ತಿರ ಕೂತೆ. ಮನೆಯೊಡತಿ ತನ್ನ ಹರಿಯಾಣದ ಹಿಂದಿಯಲ್ಲಿ ನನ್ನನ್ನು ಬೈಯಲು ಶುರು ಮಾಡಿದಳು. ಅವಳು ಹೇಳಿದ್ದರ ಸಾರಾಂಶ ಇಷ್ಟು. ಎಂಥ ಮಗಳು ನೀನು, ಮಧ್ಯಾಹ್ನದಿಂದ ಕಾಯುತ್ತಿದ್ದೇನೆ. ನಿಮ್ಮಮ್ಮ ನಮ್ಮ ಬಾಗಿಲಿಗೆ ಬಂದು ಹೊಸಿಲಿನ ಮುಂದೆ ನಿಂತುಬಿಟ್ಟಳು. ಒಳಗೆ ಬಾ ಎಂದರೆ ಬರಲಿಲ್ಲ, ಮುಂದೆಯೂ ಹೋಗಲಿಲ್ಲ. ಕೈಹಿಡಿದು ಎಳೆದರೂ ಹೊಸಿಲು ದಾಟಲಿಲ್ಲ. ನಿಮ್ಮ ಭಾಷೆಯಲ್ಲಿ ಏನೋ ಕೇಳುತ್ತಲೇ ಇದ್ದಳು. ನಿಂತು ನಿಂತು ಕಾಲು ನಡುಗಿದ ಮೇಲೆ ಮಂಚ ತಂದು ಹಾಕಿದೆ.

ಆ ಮನೆಯ ಹೊಸಿಲು ಮರದ್ದು, ಅರ್ಧ ಮೊಳ ಎತ್ತರ.

"ಅವರು ಒಳಗೆ ಕರೀಲೇ ಇಲ್ಲ ಕಣೇ" ಎಂದಳು ಅಮ್ಮ. "ಯಾರಿದೀರಿ, ಬರಬಹುದಾ ಅಂತ ಎಷ್ಟು ಸಲ ಕೇಳಿದೆ. ಕರೀದೆ ಹ್ಯಾಗೆ ಹೋಗೋದು?"

ಆಗ ನನಗೆ ಅರ್ಥವಾಯಿತು. ಬಾಗಿಲು ತೆರೆದಿದ್ದ ಅಷ್ಟೂ ದಿನ ಅವಳನ್ನು ಒಳಗೆ ಉಳಿಸಿದ್ದು ನಾವಲ್ಲ, ಕೆಲಸದವಳಲ್ಲ, ಅದೃಷ್ಟವಲ್ಲ. ಹೊಸಿಲು. ಅದರ ಹತ್ತಿರ ಬಂದಾಗ ನಿಲ್ಲಬೇಕು, ಒಳಗಿನವರಿಗೆ ಹೇಳಬೇಕು, ಅವರು ಹ್ಞೂಂ ಎಂದರೆ ದಾಟಬೇಕು. ಎಪ್ಪತ್ತು ವರ್ಷ ಕಾಲಿನಲ್ಲಿ ಕೂತಿದ್ದ ಆ ಪಾಠವನ್ನು ಕಾಯಿಲೆಗೆ ಮುಟ್ಟಲು ಆಗಿರಲಿಲ್ಲ. ಅದನ್ನು ನಾನು ಉಳಿ ಹಾಕಿಸಿ ಕಿತ್ತಿದ್ದೆ.

ಮರುದಿನವೇ ಮಿಸ್ತ್ರಿಯನ್ನು ಕರೆತಂದೆ. ಹಳೆಯ ಮರ ಕೀಳುವಾಗ ಸೀಳಿಹೋಗಿತ್ತು, ಹೊಸದನ್ನು ಅಷ್ಟೇ ಎತ್ತರಕ್ಕೆ ಕೂರಿಸಿದ. ಕೆಲಸ ಮುಗಿದ ಮೇಲೆ ಹೊಸಿಲನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಹೋದ. ನಾನು ಅರಿಶಿನ ಕುಂಕುಮ ಹಚ್ಚಿದೆ. ದೇವರಲ್ಲಿ ನನಗೆ ಅಂಥ ನಂಬಿಕೆಯೇನಿಲ್ಲ, ಆದರೆ ಆ ದಿನ ಮರದ ತುಂಡಿನ ಮುಂದೆ ಮಂಡಿಯೂರಿ ಕೂತು, ನಿಲ್ಲಿಸು, ಇವಳನ್ನು ನಿಲ್ಲಿಸು ಎಂದು ಬಾಯಿಬಿಟ್ಟು ಕೇಳಿಕೊಂಡೆ.

ಅಮ್ಮನ ಕಾಲು ಮಾಯಲು ಒಂದು ವಾರ ಬೇಕಾಯಿತು. ಯಜಮಾನರು ರಜೆ ಹಾಕಿ ಮನೆಯಲ್ಲಿದ್ದರು. ವಾರದ ಕೊನೆಗೆ, ನಾವು ಮೂವರೂ ಹಾಲ್‌ನಲ್ಲಿ ಇದ್ದು ಬೇಕೆಂದೇ ಬಾಗಿಲು ತೆರೆದಿಟ್ಟೆವು. ಅಮ್ಮ ಎದ್ದಳು. ಬಾಗಿಲಿಗೆ ಹೋದಳು. ಚೌಕಟ್ಟನ್ನು ಹಿಡಿಯಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ. ಎಡಗಾಲನ್ನು ಹೊಸಿಲಿನ ಮೇಲೆ, ಕುಂಕುಮದ ಮೇಲೆ ಇಟ್ಟಳು. ಹೊಸಿಲು ತುಳಿದಿದ್ದಕ್ಕೆ ಚಿಕ್ಕಂದಿನಲ್ಲಿ ನನ್ನ ತೊಡೆ ಕೆಂಪಾಗುವ ಹಾಗೆ ಹೊಡೆದಿದ್ದ ಅಮ್ಮ ಅದರ ಮೇಲೆ ಪೂರ್ತಿ ಪಾದ ಊರಿ ಆ ಕಡೆ ಇಳಿದುಹೋದಳು. ಯಜಮಾನರು ಗೇಟಿನ ಹತ್ತಿರ ಹಿಡಿದರು.

"ಇನ್ನೊಂದ್ಸಲ ನೋಡೋಣ" ಎಂದೆ.

ನಾಲ್ಕು ಸಲ ನೋಡಿದೆವು. ಕೊನೆಯ ಸಲ ಮಗಳು ಅಳುತ್ತಾ "ಬಸ್ ಕರೋ ಅಮ್ಮಾ, ಪ್ಲೀಸ್. ಅಜ್ಜೀನ ಟೆಸ್ಟ್ ಮಾಡ್ಬೇಡ" ಎಂದಳು.

ಹೊಸಿಲಿಲ್ಲದ ಆ ಕೆಲವು ದಿನಗಳಲ್ಲಿ ಅವಳ ಕಾಲು ಪಾಠ ಮರೆಯಿತೇ? ಅಥವಾ ಕಾಯಿಲೆಯೇ ಆ ವಾರ ಅಲ್ಲಿಯವರೆಗೆ ಬಂದು ಮುಟ್ಟಿತೇ? ನಾನು ಕೀಳಿಸದಿದ್ದರೂ ಹಾಗೇ ಆಗುತ್ತಿತ್ತೇ? ಡಾಕ್ಟರನ್ನು ಕೇಳಿದೆ. ಅವರಿಗೆ ಹೊಸಿಲು ಎಂದರೆ ಏನೆಂದು ವಿವರಿಸುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಿದ್ದರು.

ಆಮೇಲೊಂದು ದಿನ ಡೆನ್ಮಾರ್ಕಿನ ಪುಟಗಳನ್ನು ಮೊದಲಿನಿಂದ ಓದಿದೆ. ಹಳದಿ ಬಾಗಿಲಿನ ಚಿತ್ರವಿದ್ದ ಪುಟದ ಕೆಳಗೆ, ನನ್ನದೇ ಅಕ್ಷರದಲ್ಲಿ, ಒಂದು ಸಾಲು: "ತೋಟದ ಬೇಲಿ ಎದೆಯೆತ್ತರ. ಗೇಟಿನ ಚಿಲಕ ಹೊರಗಡೆಗೆ ಇದೆ, ತೆಗೆಯಲು ನನಗೇ ಬರಲಿಲ್ಲ, ಆಕೆ ಬಂದು ತೆಗೆದರು." ಬರೆದ ನೆನಪಿಲ್ಲ. ಆ ಬೇಲಿಯನ್ನು ಈಗ ಕಣ್ಣಿಗೆ ತಂದುಕೊಳ್ಳಲು ಎಷ್ಟು ಯತ್ನಿಸಿದರೂ ಬರುವುದಿಲ್ಲ, ಹಳದಿ ಬಾಗಿಲೇ ಬರುತ್ತದೆ. ಒಳಗಿನ ನೆಲವನ್ನು ಅಷ್ಟು ನಿರಾಳವಾಗಿ ಬಿಡಲು ಅವರಿಗೆ ಸಾಧ್ಯವಾಗಿದ್ದು ಹೊರಗೆ ಅದು ಇದ್ದದ್ದರಿಂದ. ನಾನು ಮನೆಯ ಒಳಗನ್ನು ಮಾತ್ರ ತಂದಿದ್ದೆ.

ಯಜಮಾನರ ರಜೆ ಮುಗಿಯಿತು. ಕೆಲಸದವಳು ಹನ್ನೆರಡೂವರೆಯವರೆಗೆ ಇರಲು ಒಪ್ಪಲಿಲ್ಲ, ಅವಳಿಗೆ ಇನ್ನೂ ಮೂರು ಮನೆಗಳಿದ್ದವು. ನಾನು ಕೆಲಸ ಬಿಡುತ್ತೇನೆ ಎಂದೆ. ಬಿಡಬಹುದಿತ್ತು. ಬಿಡಲಿಲ್ಲ. ಏಕೆ ಎಂಬುದಕ್ಕೆ ಆಗ ದಿನಚರಿಯಲ್ಲಿ ಎಂಟು ಕಾರಣ ಬರೆದಿದ್ದೇನೆ. ಎಂಟು ಕಾರಣ ಬೇಕಾಗುವ ತೀರ್ಮಾನದ ಮೇಲೆ ನನಗೆ ಈಗ ಅನುಮಾನ.

"ಬೀಗ ಮರದ ಬಾಗಿಲಿಗೆ ಬೇಡ" ಎಂದೆ ಯಜಮಾನರಿಗೆ. "ಜಾಲಿ ಬಾಗಿಲಿಗೆ ಹಾಕೋಣ. ಗಾಳಿ ಬರತ್ತೆ. ಗಲ್ಲಿ ಕಾಣತ್ತೆ. ಕೂಡಿ ಹಾಕಿದ ಹಾಗೆ ಕಾಣಲ್ಲ." ಕುರ್ಚಿಯನ್ನು ಜಾಲಿಯ ಎದುರಿಗೆ, ಬಿಸಿಲು ಬೀಳದ ಹಾಗೆ ಓರೆಯಾಗಿ ಇಟ್ಟೆ. ಪಕ್ಕದ ಸ್ಟೂಲಿನ ಮೇಲೆ ನೀರು. ಎಲ್ಲ ಚೆನ್ನಾಗಿ ಜೋಡಿಸಿದೆ.

ಮೊದಲ ದಿನ ಕಾಲೇಜಿಗೆ ತಡವಾಗಿ ಹೋದೆ. ಕೆಲಸ ಮುಗಿಸಿದ ಕೆಲಸದವಳಿಗೆ ಇನ್ನೊಂದು ಕೀಲಿ ಕೊಟ್ಟು ಕಳಿಸಿ, ಹೊರಗೆ ಬಂದು, ಜಾಲಿಯನ್ನು ಎಳೆದು, ಬೀಗ ಸಿಕ್ಕಿಸಿ ಒತ್ತಿದೆ. ಅಮ್ಮ ಕುರ್ಚಿಯಿಂದ ಎದ್ದು ಬಂದು ಜಾಲಿಯ ಆ ಕಡೆ, ನನಗೆ ಒಂದು ಗೇಣು ದೂರದಲ್ಲಿ ನಿಂತಳು. ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ. ಅವು ಮೇಲೇಳಲಿಲ್ಲ. ಮನೆಯವರೆಲ್ಲ ಎಲ್ಲಿಗೋ ಮದುವೆಗೆ ಹೊರಟಾಗ ಹೇಳುವ ಹಾಗೆ, ಕಾಳಜಿಯಿಂದ ಹೇಳಿದಳು.

"ಎಳೆದು ನೋಡೇ, ಸರಿಯಾಗಿ ಬಿತ್ತಾ?"

ಎಳೆದು ನೋಡಿದೆ. ಬಿದ್ದಿತ್ತು.